ದಾರ ಪೋಣಿಸಿಟ್ಟ ಸೂಜಿಗಳು

ಟೈಲರ್‌ನ ಕೈಹಿಡಿದು ಬಂದ ಮೂರನೇ ದಿನವೇ ಅವಳಿಗೆ ಅತ್ತೆ ಒಂದು ಪಾಠ ಹೇಳಿಕೊಟ್ಟಿದ್ದಳು.

"ಅಂಗಡಿ ಬಾಗಿಲು ತೆಗೆಯೋ ಮುಂಚೆ ದೇವರ ಮುಂದೆ ನಿಂತು ಗಂಡನ ಒಂದು ಒಳ್ಳೇ ಗುಣ ಹೇಳಮ್ಮ. ನಿನ್ನೆ ಹೇಳಿದ್ದು ಇವತ್ತು ನಡೆಯಲ್ಲ."

"ಗುಣ ಎಲ್ಲಾ ಮುಗಿದುಹೋದ್ರೆ ಅತ್ತೆ?"

"ಮೊಸರಲ್ಲಿ ಕಲ್ಲು ಹುಡುಕೋ ಕಣ್ಣಿಗೆ ಗುಣ ಸಿಗಲ್ವೇನೇ? ನಿನ್ನ ಗಂಡನ ಅಪ್ಪನಲ್ಲೇ ನಾನು ಹುಡುಕಿದೀನಿ!"

ನಲವತ್ತು ವರ್ಷ ಅವಳು ಅದನ್ನು ತಪ್ಪಿಸಲಿಲ್ಲ. ಮುಖ ಊದಿಸಿಕೊಂಡ ದಿನವೂ "ಇವತ್ತು ಗೊರಕೆ ಕಮ್ಮಿ ಹೊಡೆದರು ದೇವರೇ" ಅಂತಾದರೂ ಹೇಳಿಯೇ ಚಿಲಕ ತೆಗೆಯುತ್ತಿದ್ದಳು.

ಆಮೇಲೆ ಗಂಡನ ಕಣ್ಣು ಮಂಜಾಯಿತು. ಡಾಕ್ಟರು ಅವಳೊಬ್ಬಳನ್ನೇ ಹೊರಗೆ ಕರೆದು, "ನರ ಒಣಗಿದೆ ಅಮ್ಮ, ಹೋದ ದೃಷ್ಟಿ ಬರಲ್ಲ, ಇರೋದೂ ನಿಲ್ಲಲ್ಲ" ಅಂದರು. ಅವಳು ಒಳಗೆ ಬಂದು, "ನಿಧಾನಕ್ಕೆ ಸರಿಹೋಗುತ್ತಂತೆ ರೀ" ಅಂದಳು. ಅದು ಸುಳ್ಳು ಅಂತ ಅವಳಿಗೆ ಅನಿಸಲಿಲ್ಲ. ಡಾಕ್ಟರಿಗಿಂತ ದೇವರು ದೊಡ್ಡವನಲ್ಲವೇ?

ಅವತ್ತಿನಿಂದ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಮೂವತ್ತು ಸೂಜಿಗೆ ದಾರ ಪೋಣಿಸಿ ಮೇಜಿನ ಮೇಲಿನ ಪುಟ್ಟ ಸೂಜಿದಿಂಬಿಗೆ ಚುಚ್ಚಿಡುತ್ತಿದ್ದಳು. ಗಂಡ ಕೈಯಾಡಿಸಿ ಒಂದೊಂದೇ ತೆಗೆದುಕೊಳ್ಳುತ್ತಿದ್ದ. ಯಾರು ಪೋಣಿಸಿದರು ಅಂತ ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ನಾದಿನಿ ಮಾತ್ರ ಬಂದಾಗಲೆಲ್ಲ ಕುಟುಕುತ್ತಿದ್ದಳು. "ಅತ್ತಿಗೆ, ನಂಬಿಕೆ ಇರಲಿ, ಬೇಡ ಅನ್ನಲ್ಲ. ಆದ್ರೆ ಅಣ್ಣನ ಕೈಯಿಂದ ಕತ್ತರಿ ಯಾವಾಗ ಇಸ್ಕೋತೀರಿ?"

"ನಿಮ್ಮಣ್ಣನ ಕೈಯಿಂದ ಕತ್ತರಿ ಇಸ್ಕೊಂಡ್ರೆ ಮಿಕ್ಕೋದೇನು, ನೀನೇ ಹೇಳು" ಅನ್ನುತ್ತಿದ್ದಳು ಇವಳು.

ಹೋದ ವಾರ ಗಂಡನ ಸ್ನೇಹಿತ, ಊರಿನ ಗುಮಾಸ್ತ, ಹೊಲಿಯಲು ಕೊಟ್ಟಿದ್ದ ಕಪ್ಪು ಕೋಟು ಹಾಕಿ ನೋಡಲು ಬಂದ. ಹಿಂದಿನ ದಿನ ಇವಳು ನೀರು ತರಲು ಹೋಗಿದ್ದ ಹೊತ್ತಿನಲ್ಲಿ ಗಂಡ ಒಬ್ಬನೇ ತೋಳು ಕತ್ತರಿಸಿ ಕಚ್ಚಾ ಹೊಲಿಗೆ ಹಾಕಿಟ್ಟಿದ್ದ. ಕಪ್ಪು ಬಟ್ಟೆಯ ಒಳಮುಖ ಹೊರಮುಖ ಅವನಿಗೆ ತಿಳಿದಿರಲಿಲ್ಲ. ಎರಡೂ ಎಡಗೈ ತೋಳೇ! ಗುಮಾಸ್ತನ ಬಲ ಮೊಣಕೈ ಹಿಂದೆ ತಿರುಚಿಕೊಂಡು ನಿಂತಿತು.

"ನಂಗೆ ಎರಡೂ ಎಡಗೈ ಅಂತ ಯಾರು ಹೇಳಿದ್ರಪ್ಪ? ನನ್ನ ಹೆಂಡತೀನೇ ಹೇಳಿರ್ಬೇಕು!" ಎಂದು ಅವನು ನಕ್ಕ. ಗಂಡನೂ ನಕ್ಕ, ಆದರೆ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಲೇ ಇದ್ದ, ಬಿಚ್ಚಲಿಲ್ಲ.

ಹಳೇ ಸ್ನೇಹ, ಗುಮಾಸ್ತ ಬೇಜಾರು ಮಾಡಿಕೊಳ್ಳದೆ ಅದೇ ಥರದ ಬಟ್ಟೆ ಮತ್ತೆ ತಂದುಕೊಟ್ಟ. ಬಟ್ಟೆ ಅಂಗಡಿಯಲ್ಲಿ ಅಷ್ಟೇ ಉಳಿದಿತ್ತಂತೆ.

ಇವತ್ತು ಆ ಬಟ್ಟೆ ಮೇಜಿನ ಮೇಲೆ ಹರಡಿತ್ತು. ಬೆಳಿಗ್ಗೆ ದೇವರ ಮುಂದೆ ನಿಂತಾಗ ಅವಳ ಬಾಯಿಗೆ ಗುಣ ಬಂದಿರಲಿಲ್ಲ. "ಅವರಿಗೆ ಕಣ್ಣು ಕೊಡು, ಇಲ್ಲಾ ನಿಜ ಹೇಳೋ ಬಾಯಿ ನಂಗೆ ಕೊಡು" ಅಂತಷ್ಟೇ ಬಂದಿತ್ತು. ಎರಡೂ ಸಿಕ್ಕಿರಲಿಲ್ಲ.

ಗಂಡ ಕತ್ತರಿ ಎತ್ತಿಕೊಂಡ. ಬಟ್ಟೆಯನ್ನು ಸವರಿದ, ತಿರುಗಿಸಿದ, ಮತ್ತೆ ತಿರುಗಿಸಿದ. ನಿಲ್ಲಿ ಅನ್ನಬೇಕು ಅಂದುಕೊಂಡಳು. ಹಾಗಂದುಬಿಟ್ಟರೆ ಡಾಕ್ಟರ ಮಾತನ್ನೂ ಹೇಳಬೇಕಾಗುತ್ತದೆ.

"ಏನೇ, ಬೆಳಕು ಕಮ್ಮಿ ಆಯ್ತಲ್ಲ?" ಅಂದ ಅವನು.

ನಡುಮಧ್ಯಾಹ್ನ. ಕಿಟಕಿಯಿಂದ ಬಿಸಿಲು ಧಾರಾಳವಾಗಿ ಸುರಿಯುತ್ತಿತ್ತು.

"ಮೋಡ ಕವಿದಿದೆ ರೀ. ಆಮೇಲೆ ಕತ್ತರಿಸಿದರಾಯ್ತು."

ಅವನು ಅಂಗೈಯನ್ನು ನಿಧಾನಕ್ಕೆ ಬಿಸಿಲಿಗೆ ಚಾಚಿದ, ಮಗುಚಿದ, ಮತ್ತೆ ಮಗುಚಿದ.

"ಹೌದು, ಮೋಡ" ಅಂದ ಕೊನೆಗೆ. ತಡವರಿಸಿ ಅವಳ ಕೈ ಹುಡುಕಿ ಕತ್ತರಿಯನ್ನು ಅದರಲ್ಲಿಟ್ಟ. "ಇದು ಹೋಗೋ ಮೋಡ ಅಲ್ಲ ಕಣೇ. ನೀನು ಕತ್ತರಿಸು, ನಾನು ಅಳತೆ ಹೇಳ್ತೀನಿ."

ಅವಳು ಈವರೆಗೆ ಗುಂಡಿಗೆ ಕಾಜ ಹಾಕಿದ್ದಳೇ ಹೊರತು ಬಟ್ಟೆ ಕತ್ತರಿಸಿದವಳಲ್ಲ. ಕತ್ತರಿಯ ಹಿಡಿ ಅವನ ಬೆವರಿಗೆ ಒದ್ದೆಯಾಗಿತ್ತು.

"ತೋಳುದ್ದ ಇಪ್ಪತ್ತನಾಲ್ಕು" ಅಂದ ಅವನು. ಕಣ್ಣು ತುಂಬಿ ಅವಳಿಗೆ ಬಟ್ಟೆಯೇ ಕಾಣಲಿಲ್ಲ.