ತಂಗಿಯ ಉಡಿದಾರ

ಹೋದ ತಿಂಗಳು ಸಾಗರದ ತಂಗಿಯ ಮನೆಗೆ ಹೋದಾಗ ಬಾಗಿಲಲ್ಲೇ ಬಜೆ ತೇದ ವಾಸನೆ ಬಂತು. ಅವಳ ಕೂಸಿಗೆ ಆಗಷ್ಟೇ ನೀರು ಹಾಕಿದ್ದರು. ಹಳೆಯದನ್ನು ನೆನಪಿಸುವ ಇಂಥದೊಂದು ವಾಸನೆ ನಿಮಗೂ ಇದ್ದೀತು. ನನ್ನನ್ನು ಅದು ಮೇಳಿಗೆಯ ಅಜ್ಜಿಮನೆಯ ಬಚ್ಚಲಿಗೆ ಕರೆದೊಯ್ಯುತ್ತದೆ. ಹಬೆಯಾಡುವ ಹಂಡೆ, ನೀಡಿದ ಕಾಲ ಮೇಲೆ ಎಣ್ಣೆ ಮೈಯ ಮಗುವನ್ನು ಮಲಗಿಸಿಕೊಂಡ ಅಜ್ಜಿ. ಈಗ ಅಜ್ಜಿಯಿಲ್ಲ, ಬಚ್ಚಲಿದ್ದಲ್ಲಿ ಯಾರದೋ ಕಾರು ನಿಲ್ಲುತ್ತದೆ.

ತಂಗಿ ಎಂಟನೇ ತಿಂಗಳಿಗೇ ಹುಟ್ಟಿದವಳು. ಅಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟಾಗ ಅಷ್ಟು ಜೋರಾಗಿ ಒದೆಯುತ್ತಿದ್ದ ಕಾಲು, ಹೊರಗೆ ಬಂದ ಮೇಲೆ ನೋಡಿದರೆ ನನ್ನ ಹೆಬ್ಬೆರಳಿನಷ್ಟಿತ್ತು. ಕೂಸು ಉಳಿದೀತೇ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ತೂಕ ನೋಡಿಸೋಣ ಎಂದು ಅಮ್ಮ ಅಂದರೆ, ದೃಷ್ಟಿಯಾಗುತ್ತದೆಂದು ಅಜ್ಜಿ ಒಪ್ಪುತ್ತಿರಲಿಲ್ಲ. “ಕೂಸೇನು ಅಡಕೆ ಮೂಟೆಯೇನೇ, ತಕ್ಕಡಿಗೆ ಹಾಕಕ್ಕೆ? ಉಡಿದಾರ ಹೇಳ್ತದೆ ಬಿಡು.” ಸೊಂಟದ ಕರಿದಾರ ಬಿಗಿಯಾದರೆ ಮಗು ಬೆಳೆಯಿತೆಂದು ಲೆಕ್ಕ, ಆಗ ಗಂಟು ಸಡಿಲಿಸಬೇಕು.

ನಾಮಕರಣದಂದು ಕಟ್ಟಿದ ಹೊಸ ನೂಲಿನ ದಾರ ಕೆಲವೇ ದಿನಗಳಲ್ಲಿ ಬಿಗಿಯಾಯಿತು. ಹೆರಿಗೆಯಾದ ಮೇಲೆ ಅಮ್ಮ ಮೊದಲ ಸಲ ನಕ್ಕಿದ್ದು ಅವತ್ತೇ. ಅಜ್ಜಿ ಪಾಯಸ ಮಾಡಿದಳು. ಕೂಸು ಅಳದೆ ದಿನವಿಡೀ ಮಲಗುತ್ತಿತ್ತು. ಹಠವೇ ಇಲ್ಲವೆಂದು ಅಜ್ಜಿ ಅದನ್ನೂ ಹೊಗಳಿದಳು. ಮರುದಿನ ಎಣ್ಣೆ ಹಚ್ಚುವಾಗ ಮಾತ್ರ ಅವಳ ಕೈ ನಿಂತಿತು. ತೊಡೆಯಲ್ಲಿ ಚರ್ಮ ಇನ್ನೂ ನೆರಿಗೆ ನೆರಿಗೆಯಾಗಿಯೇ ಇತ್ತು. ದಾರವನ್ನು ಬೆರಳಲ್ಲಿ ಎಳೆದು ನೋಡಿ, “ಬೆಳೆದಿದ್ದು ಕೂಸಲ್ಲ ಕಣೇ. ಬಿಸಿನೀರು ಬಿದ್ದು ಬಿದ್ದು ದಾರ ಕುಗ್ಗಿದೆ” ಎಂದಳು. ಆಮೇಲೆ ತಾನೇ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಅಮ್ಮನನ್ನೂ ಹೊರಡಿಸಿಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದಳು.

ಆಸ್ಪತ್ರೆಯ ತಕ್ಕಡಿಯ ಮೇಲೂ ಹುಟ್ಟಿದಾಗಿನ ತೂಕಕ್ಕಿಂತ ಏರಿರಲಿಲ್ಲ. ಬೇಗ ಹುಟ್ಟಿದ ಮಕ್ಕಳಿಗೆ ಹಸಿದು ಅಳುವ ತ್ರಾಣವೂ ಇರುವುದಿಲ್ಲ, ಎಬ್ಬಿಸಿ ಹಾಲೂಡಿಸಿ ಎಂದರಂತೆ ಡಾಕ್ಟರು. ಅಂದಿನಿಂದ ಹೊತ್ತುಹೊತ್ತಿಗೆ ಅಜ್ಜಿ ಅಂಗಾಲು ತಿಕ್ಕುತ್ತಿದ್ದಳು. “ಏಳೇ ಮಾರಾಯ್ತಿ, ಬೆಳೆಯೋ ಕೆಲಸ ಬಾಕಿ ಇದೆ.” ತಂಗಿ ಎದ್ದಳು, ಕುಡಿದಳು. ನಿಧಾನಕ್ಕೆ ಕೆನ್ನೆ ತುಂಬಿತು. ಮಗುಚಿಕೊಂಡಳು, ಅಂಬೆಗಾಲಿಟ್ಟಳು, ಒಂದು ದಿನ ಹೊಸಿಲು ಹಿಡಿದು ನಿಂತಳು.

ಸಾಗರದಲ್ಲಿ ಅವತ್ತು ಅವಳು ಮಗಳಿಗೆ ಹೊಸ ಉಡಿದಾರ ಕಟ್ಟುವವಳಿದ್ದಳು. ಅದಕ್ಕೆ ಮೊದಲು ದಾರವನ್ನು ಬಿಸಿನೀರಿನ ಚೆಂಬಿನಲ್ಲಿ ಅದ್ದಿಟ್ಟಳು.

“ಅದ್ಯಾಕೇ?” ಎಂದೆ.

“ಯಾರಿಗ್ಗೊತ್ತು ಅಕ್ಕ. ಚಿಕ್ಕಮ್ಮನ ಮಕ್ಕಳಿಗೆ ಕಟ್ಟುವಾಗ ಅಜ್ಜಿ ಹಿಂಗೇ ಮಾಡ್ತಿತ್ತು.”

ದಾರ ಒಣಗುವವರೆಗೆ ಇಬ್ಬರೂ ಮಗುವಿನ ಪಕ್ಕ ಕೂತಿದ್ದೆವು. ಅದು ನಿದ್ದೆಗಣ್ಣಲ್ಲೇ ಕಾಲು ಝಾಡಿಸಿತು. ನಾನು ಅಂಗಾಲನ್ನು ಮೆಲ್ಲಗೆ ತಿಕ್ಕಿದೆ.