ಬಂತಾ, ಅಪ್ಪಾ?

ಟಿವಿ ಆಂಟೆನಾಗಳ ಕಾಲದಲ್ಲಿ ಅವಳ ಅಪ್ಪನನ್ನು ಊರೆಲ್ಲ ಏಣಿಯಪ್ಪ ಎಂದೇ ಕರೆಯುತ್ತಿತ್ತು. ಅವನು ಮಹಡಿಯ ಮೇಲೆ ಆಂಟೆನಾ ತಿರುಗಿಸುತ್ತ "ಬಂತಾ?" ಎಂದು ಕೂಗುವನು. ಕೆಳಗೆ ಟಿವಿ ಮುಂದೆ ಕೂತ ಎಂಟು ವರ್ಷದ ಮಗಳು "ಬಂತು... ಹೋಯ್ತು... ಹಾಂ ಬಂತು, ಬಿಟ್ಬಿಡು!" ಎನ್ನುವಳು. ಆ ಮನೆಯವರೆಲ್ಲ ಉಸಿರು ಬಿಗಿಹಿಡಿದು ಅವಳ ಬಾಯನ್ನೇ ನೋಡುತ್ತಿದ್ದರು.

ಈಗ ಅವಳಿಗೆ ಮೂವತ್ತೆರಡು. ಆಂಟೆನಾ ಹೋಗಿ ಕಾವಲು ಕ್ಯಾಮೆರಾ ಬಂದಿತ್ತು, ಅಪ್ಪನ ಮಂಡಿ ಸೋತು ಏಣಿ ಅವಳ ಹೆಗಲಿಗೆ ಬಂದಿತ್ತು. ಕೆಲಸ ಅವಳದು, ಫೋನ್ ಬರುತ್ತಿದ್ದುದು ಮಾತ್ರ ಅಪ್ಪನಿಗೆ. "ಮಗಳನ್ನ ಕಳಿಸ್ತೀರೋ, ನೀವೇ ಬರ್ತೀರೋ?" ಆ ಪ್ರಶ್ನೆಯ ಬಾಲ ಅವಳನ್ನು ಪ್ರತಿಸಲವೂ ಚುಚ್ಚುತ್ತಿತ್ತು.

ಆಸ್ಪತ್ರೆಯ ಕೆಲಸವೊಂದನ್ನು ಅವಳೇ ಹೋಗಿ ಕೇಳಿ ಹಿಡಿದಿದ್ದಳು. ನಾಲ್ಕು ಕಟ್ಟಡ, ನಡುವೆ ಆಂಬುಲೆನ್ಸ್ ಓಡಾಡುವ ರಸ್ತೆ. ಅದನ್ನು ಅಗೆದು ಕೇಬಲ್ ಎಳೆಯುವಂತಿರಲಿಲ್ಲ. ಜನ ಕಡಿಮೆಯಿರುವ ಭಾನುವಾರಗಳಲ್ಲಿ ಮಾತ್ರ ಮಹಡಿ ಹತ್ತಲು ಅಪ್ಪಣೆ. ಮೂರು ಭಾನುವಾರ ದುಡಿದು, ಮಹಡಿಯಂಚುಗಳಲ್ಲಿ ತಟ್ಟೆಯಗಲದ ಡಿಶ್‌ಗಳನ್ನು ಎದುರುಬದುರು ನಿಲ್ಲಿಸಿ, ಚಿತ್ರಗಳನ್ನು ಗಾಳಿಯಲ್ಲೇ ದಾಟಿಸಿದಳು. ಕಾವಲುಗಾರನ ಕೋಣೆಯ ಪರದೆಯಲ್ಲಿ ಹದಿನಾರು ಚೌಕಗಳು ಬೆಳಗಿದವು.

ಸೋಮವಾರ ಹನ್ನೊಂದಕ್ಕೆ ಔಷಧದ ಉಗ್ರಾಣದ ಚೌಕ ಕಪ್ಪಾಯಿತು. ಎರಡು ಗಂಟೆಗೆ ತಾನಾಗಿಯೇ ಬಂತು. ಮಂಗಳವಾರವೂ ಅದೇ ಕಥೆ. ಅವಳು ವೈರು ಬದಲಿಸಿದಳು, ಪ್ಲಗ್ಗು ಬದಲಿಸಿದಳು, ಕ್ಯಾಮೆರಾವನ್ನೇ ಬದಲಿಸಿದಳು. ಒಂದು ವಾರ ಹೀಗೇ ಕಳೆದ ಮೇಲೆ ಮ್ಯಾನೇಜರ್ ಕರೆಸಿದರು.

"ಔಷಧ ಇರೋ ಕಡೆಯೇ ಕುರುಡಾದ್ರೆ ಉಳಿದಿದ್ದೆಲ್ಲ ಯಾಕಮ್ಮಾ? ನಾಳೆ ಸಂಜೆವರೆಗೂ ನೋಡ್ತೀನಿ. ಇಲ್ಲಾಂದ್ರೆ ನಿಮ್ಮಪ್ಪನ್ನ ಕರ್ಕೊಂಡು ಬಾ. ಅವರ ಕೈಲೂ ಆಗ್ಲಿಲ್ವಾ, ಎಲ್ಲಾ ಬಿಚ್ಕೊಂಡು ಹೋಗು."

ಮರುದಿನ ಬೆಳಿಗ್ಗೆ ಅವಳು ಕಾವಲುಗಾರನ ಪುಸ್ತಕ ತಿರುವಿದಳು. ಆತ ಚಿತ್ರ ಹೋದ ಹೊತ್ತು, ಬಂದ ಹೊತ್ತು ಎಲ್ಲ ಬರೆದಿಟ್ಟಿದ್ದ.

"ಭಾನುವಾರದ್ದು ಬರ್ದೇ ಇಲ್ವಲ್ಲಣ್ಣಾ?"

"ಹೋಗಿದ್ರೆ ತಾನೇ ಬರೆಯೋದು? ಭಾನುವಾರ ಅದೂ ರಜಾ ಹಾಕಿತ್ತು, ಕೆಡೋಕೆ."

ಅವಳು ನಗಲಿಲ್ಲ. ನೆಟ್ಟಗೆ ಮಹಡಿ ಹತ್ತಿ, ಉಗ್ರಾಣದತ್ತ ಮುಖ ಮಾಡಿದ್ದ ಡಿಶ್‌ನ ಪಕ್ಕದಲ್ಲೇ ತಲೆಯಿಟ್ಟು ಕೂತಳು. ಅದರ ಕಣ್ಣಿಗೆ ಕಾಣುವುದು ತನ್ನ ಕಣ್ಣಿಗೂ ಕಾಣಬೇಕು. ಎದುರಿಗೆ ನಡುಕಟ್ಟಡದ ಬರಿ ತಾರಸಿ, ಅದರಾಚೆ ಉಗ್ರಾಣ. ಹನ್ನೊಂದಾಯಿತು. ನಡುಕಟ್ಟಡದ ಬಾಗಿಲು ತೆರೆದು, ಬಟ್ಟೆ ಒಗೆಯುವಾಕೆ ಬುಟ್ಟಿ ಹೊತ್ತು ಬಂದಳು. ನೀರು ತೊಟ್ಟಿಕ್ಕುವ ಬಿಳಿ ಹಾಸುಗಳು ಒಂದೊಂದಾಗಿ ಹಗ್ಗವೇರಿದವು. ಎಂಟನೆಯದು ಹರಡುತ್ತಿದ್ದಂತೆ ಕಾವಲುಗಾರನ ಫೋನ್ ಬಂತು. "ಹೋಯ್ತಮ್ಮಾ!"

ಭಾನುವಾರ ಬಟ್ಟೆ ಒಗೆಯುವುದಿಲ್ಲ. ಅವಳು ಡಿಶ್ ನಿಲ್ಲಿಸಿ ನೋಡಿದ್ದೆಲ್ಲ ಭಾನುವಾರವೇ.

ಓಡಿಹೋಗಿ ಕೇಳಿಕೊಂಡು ಎರಡು ಹಾಸು ಸರಿಸಿದಳು. ಚಿತ್ರ ಬಂತು. ಬಟ್ಟೆಯವಳು ಸೊಂಟಕ್ಕೆ ಕೈಕೊಟ್ಟು ನಿಂತಳು. "ಏನೇ ತಂಗಿ, ನನ್ನ ಒದ್ದೆ ಬಟ್ಟೆ ನೋಡಿ ನಿನ್ನ ಡಬ್ಬಿ ನಾಚ್ಕೊಂಡು ಕಣ್ಮುಚ್ಕೊಳ್ತಾ?"

"ಒದ್ದೆ ಬಟ್ಟೆ ಅಂದ್ರೆ ಅದಕ್ಕೆ ಗೋಡೆ ಇದ್ದಂಗೆ ಅಕ್ಕಾ."

"ಹಂಗಾದ್ರೆ ಎಲ್ಲಿ ಒಣಗಿಸ್ಲಿ, ನಿನ್ನ ತಲೆ ಮೇಲಾ?"

"ಇಲ್ಲೇ ಒಣಗ್ಲಿ. ತಪ್ಪು ನಂದು. ನಾನೇ ಮೇಲೆ ಹೋಗ್ತೀನಿ."

ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಆಂಟೆನಾ ಪೈಪುಗಳಲ್ಲಿ ಎರಡನ್ನು ಆಟೋದಲ್ಲಿ ಕಳಿಸು ಎಂದು ಮನೆಗೆ ಫೋನ್ ಮಾಡಿದಳು. ಪೈಪುಗಳ ಜೊತೆ ಅಪ್ಪನೂ ಇಳಿದ. ಮ್ಯಾನೇಜರ್ ಎದ್ದು ಬಂದರು. "ಬಂದ್ರಾ ಏಣಿಯಪ್ಪನೋರೇ! ಇನ್ನು ನಿಶ್ಚಿಂತೆ. ನೀವೇ ಹತ್ತಿ ನೋಡಿ."

ಅವಳು ಪೈಪು ಹಿಡಿದು ಅಲ್ಲೇ ನಿಂತಳು.

"ಹತ್ತೋಳು ಅವಳು ಸ್ವಾಮಿ," ಅಂದ ಅಪ್ಪ. "ನಾನು ಟಿವಿ ಮುಂದೆ ಕೂರೋಕೆ ಬಂದೆ. ಆಗ ಅವಳು ಕೂರ್ತಿದ್ಲು, ಈಗ ನನ್ನ ಸರದಿ."

ಹಾಸುಗಳು ಇನ್ನೂ ಒದ್ದೆಯಿರುವಾಗಲೇ ಅವಳು ಎರಡೂ ಕಡೆ ಪೈಪು ಬಿಗಿದು, ಡಿಶ್‌ಗಳನ್ನು ಆಳೆತ್ತರ ಮೇಲೇರಿಸಿದಳು. ಏಣಿಯ ತುದಿಯಲ್ಲಿ ನಿಂತು, ಕಾವಲುಗಾರನ ಕೋಣೆಯಲ್ಲಿ ಕೂತ ಅಪ್ಪನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅಂಗಿಯ ಜೇಬಿಗೆ ಇಳಿಬಿಟ್ಟು ಕೂಗಿದಳು. "ಬಂತಾ, ಅಪ್ಪಾ?"

"ಇಲ್ಲ... ಹಾಂ, ಬಂತು... ಹೋಯ್ತು. ಒಂಚೂರು ಎಡಕ್ಕೆ. ಬಂತು... ಬಂತು, ಬಿಟ್ಬಿಡು ಮಗಳೇ!"

ಬೋಲ್ಟು ಬಿಗಿದು ಕೆಳಗೆ ನೋಡಿದಳು. ಹಾಸುಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು, ಅವುಗಳ ಮೇಲಿಂದ ಚಿತ್ರ ಸದ್ದಿಲ್ಲದೆ ಹಾದುಹೋಗುತ್ತಿತ್ತು. ಫೋನ್ ಇಡಲು ಅಪ್ಪ ಮರೆತಿದ್ದ. ಜೇಬಿನೊಳಗಿಂದ ಮ್ಯಾನೇಜರರ ದನಿ ಸಣ್ಣಗೆ ಕೇಳಿತು. "ಇನ್ಮೇಲೆ ಏನಾದ್ರೂ ಆದ್ರೆ ನಿಮಗೇ ಫೋನ್ ಮಾಡ್ತೀನಿ ಯಜಮಾನ್ರೇ."

"ನನಗ್ಯಾಕೆ? ಬರ್ಕೊಳ್ಳಿ," ಅಂದ ಅಪ್ಪ. ಆಮೇಲೆ ಅವಳ ನಂಬರನ್ನು ಒಂದೊಂದೇ ಅಂಕಿಯಾಗಿ, ಮಹಡಿಯಿಂದ ಕೂಗುತ್ತಿದ್ದ ಅದೇ ದನಿಯಲ್ಲಿ, ಎಲ್ಲೂ ತಡವರಿಸದೆ ಹೇಳಿದ.