ಕೈಗುಣದಕ್ಕನ ಭಾನುವಾರ

ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ವಾರವಿಡೀ ನಿಂತೇ ಇಸ್ತ್ರಿ ಹಾಕುವವಳಿಗೆ ಭಾನುವಾರವಾದರೂ ಕಾಲು ಚಾಚಿ ಮಲಗುವ ದಿನವಾಗಬೇಕಿತ್ತು. ಓಣಿಯವರು ಬಿಡಬೇಕಲ್ಲ. ಅವಳು ಬಿತ್ತಿದ ಬೀಜ ಹುಟ್ಟದೇ ಇರುವುದಿಲ್ಲ ಎಂದು ಯಾರೋ ಒಮ್ಮೆ ಅಂದದ್ದೇ ಅಂದದ್ದು, ಅವಳ ಹೆಸರೇ ಕೈಗುಣದಕ್ಕ ಎಂದಾಗಿಬಿಟ್ಟಿತು. ಮೊದಮೊದಲು ಅವಳೂ ಉಬ್ಬಿದಳು. ಈಗ ಆ ಹೆಸರು ಕಿವಿಗೆ ಬಿದ್ದರೆ ಸಾಕು, ಮಂಡಿ ತಾನಾಗಿ ನೋಯುತ್ತಿತ್ತು.

ಕೈಗುಣವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಕ್ಯಾರೆಟ್ಟನ್ನು ಸಸಿ ಮಾಡಿ ಕಿತ್ತು ನೆಡುವ ಹಾಗಿಲ್ಲ, ಬೆಳೆಯುವ ಜಾಗದಲ್ಲೇ ಬಿತ್ತಬೇಕು. ಬೀಜದ ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಮೊಳಕೆ ಕಾಣುವವರೆಗೆ ತೇವ ಆರದಂತೆ ನೋಡಿಕೊಂಡರೆ ಆಯಿತು. ಹೇಳಿ ಹೇಳಿ ಅವಳಿಗೆ ಬಾಯಿ ನೋವು ಬಂದಿತ್ತು.

"ಅದೆಲ್ಲ ನಿಮ್ಮ ಕೈಗೆ ಆಗೋದು ಅಕ್ಕ" ಎನ್ನುತ್ತ ಪಕ್ಕದ ಮನೆಯ ಟೈಲರಮ್ಮ ಬೀಜದ ಪೊಟ್ಟಣವನ್ನು ಅವಳ ಕೈಗೇ ತುರುಕುತ್ತಿದ್ದಳು.

ಈ ಸಲ ಟೈಲರಮ್ಮ ಬಾಗಿಲು ತಟ್ಟಿದಾಗ ಅಕ್ಕ ಆಗಷ್ಟೇ ದಿಂಬಿಗೆ ತಲೆ ಕೊಟ್ಟಿದ್ದಳು. ಆಗುವುದಿಲ್ಲ ಎನ್ನಲು ಅವಳಿಗೆ ಎಂದೂ ನಾಲಿಗೆ ಹೊರಳಿದ್ದಿಲ್ಲ. ಎದ್ದು ಹೋದಳು, ಟೈಲರಮ್ಮನ ಪಾತಿಯ ಮುಂದೆ ಕುಕ್ಕರಿಸಿದಳು, ಆ ಪುಟ್ಟ ಬೀಜಗಳನ್ನು ಬೆರಳುದ್ದ ಆಳಕ್ಕೆ ಇಳಿಸಿ ಮಣ್ಣು ತಟ್ಟಿ ಕೂರಿಸಿದಳು. ಗೊತ್ತಿದ್ದೇ ಮಾಡಿದಳು. ಹುಟ್ಟದಿದ್ದರೆ ಈ ಕೈಗುಣದ ಪೀಡೆಯಾದರೂ ತೊಲಗೀತು.

ತೊಲಗಿತು. ಒಂದೇ ಒಂದು ಮೊಳಕೆಯೂ ಮೇಲೆ ಬರಲಿಲ್ಲ. ಟೈಲರಮ್ಮ ಬೈಯಲಿಲ್ಲ, ಮರುಗಿದಳು. ಪಾಪ, ದುಡಿದು ದುಡಿದು ಅಕ್ಕನ ಕೈಯೇ ಸೋತುಹೋಗಿದೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಯಾರೂ ಕರೆಯಲಿಲ್ಲ. ಅಕ್ಕ ಭಾನುವಾರಗಳಲ್ಲಿ ಹೊತ್ತು ನೆತ್ತಿಗೇರುವವರೆಗೆ ಮಲಗಿದಳು. ಮಾಡಿದ್ದಕ್ಕೆ ನಾಚಿಕೆಯಾಗದೆ ಇರಲಿಲ್ಲ, ಆದರೆ ನಿದ್ದೆಯ ಮುಂದೆ ಆ ನಾಚಿಕೆ ಎಷ್ಟು ಹೊತ್ತು ನಿಂತೀತು?

ಹೀಗೆ ಒಂದು ಭಾನುವಾರ ತಡವಾಗಿ ಎದ್ದು ಹಿತ್ತಲಿಗೆ ಬಂದರೆ, ತನ್ನದೇ ಪಾತಿಯಲ್ಲಿ ಟೈಲರಮ್ಮ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಮಣ್ಣು ಕೆದಕಿ, ಕಲ್ಲು ಆರಿಸಿ, ಸಾಲೂ ಎಳೆದಾಗಿತ್ತು. ಕ್ಯಾರೆಟ್ ಬೀಜವನ್ನೂ ಅವಳೇ ತಂದಿದ್ದಳು.

"ನೀವು ಕೂತ್ಕೊಳ್ಳಿ ಅಕ್ಕ. ಇಷ್ಟು ವರ್ಷ ನಮಗೆಲ್ಲ ಹಾಕಿಕೊಟ್ರಿ. ನಿಮ್ಮ ಪಾತಿ ಬರಿದಾಗಿರೋದು ನೋಡಕ್ಕಾಗ್ಲಿಲ್ಲ."

ತನಗಾಗಿ ಇನ್ನೊಬ್ಬರು ಬೆನ್ನು ಬಗ್ಗಿಸಿದ್ದನ್ನು ಅಕ್ಕ ಕಂಡವಳೇ ಅಲ್ಲ. ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡಳು. ಆಮೇಲೆ ಸರಿಯಾಗಿ ನೋಡಿದಳು. ಟೈಲರಮ್ಮನ ಬೆರಳು ಬುಡದವರೆಗೂ ಮಣ್ಣಿನೊಳಗೆ ಇಳಿದಿತ್ತು.

"ನಿಮ್ಮ ಥರಾನೇ ಹಾಕ್ತಿದೀನಿ. ನೀವು ಹಾಕೋದನ್ನ ಆವತ್ತೇ ಮೊದಲು ಕಣ್ಣಿಟ್ಟು ನೋಡಿದ್ದು. ಸೋತಿದ್ದು ನಿಮ್ಮ ಕೈ, ಹಾಕೋ ರೀತಿ ತಪ್ಪಾಗಿರಲ್ವಲ್ಲ. ಇಷ್ಟು ಆಳ ಸಾಕಾ ಅಕ್ಕ?"

ಹೇಳಿದರೆ ಆವತ್ತಿನ ಮೋಸ ಬಯಲಾಗುತ್ತದೆ, ಭಾನುವಾರವೂ ಕೈಬಿಟ್ಟು ಹೋಗುತ್ತದೆ. ಹೇಳದಿದ್ದರೆ ಈ ಹೆಂಗಸು ಸುರಿಸಿದ ಬೆವರೆಲ್ಲ ಮಣ್ಣುಪಾಲು. ಅಕ್ಕ ಬಾಯಿ ತೆರೆದಳು. ಮಂಡಿ ನೀವಿಕೊಂಡಳು.

"ಸಾಕು" ಎಂದಳು. "ಮುಚ್ಚಿಬಿಡು."